ಬೆಂಗಳೂರು ದೂರದರ್ಶನದ ಮರೆತುಹೋದ ಕಾರ್ಯಕ್ರಮಗಳು: ಯಾರಿಗೆ ಏನು ನೆನಪಿದೆ?

ಪ್ರಶ್ನೆ — ಸಂಜೆಪ್ರಸಾರ

ಎಲ್ಲರಿಗೂ ನಮಸ್ಕಾರ. ಎಂಬತ್ತರ ಮತ್ತು ತೊಂಬತ್ತರ ದಶಕಗಳಲ್ಲಿ ಬೆಂಗಳೂರು ದೂರದರ್ಶನ ಕೇಂದ್ರದಿಂದ ಪ್ರಸಾರವಾದ ಕನ್ನಡ ಕಾರ್ಯಕ್ರಮಗಳ ಪಟ್ಟಿಯೊಂದನ್ನು ಮಾಡಲು ಹೊರಟಿದ್ದೇನೆ. ಧಾರಾವಾಹಿಗಳ ಮಟ್ಟಿಗೆ ಕೆಲಸ ಅಷ್ಟು ಕಷ್ಟವಾಗಲಿಲ್ಲ. ‘ಸಿಹಿಕಹಿ’ಯ ಹೆಸರು ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಅವರ ಹೆಸರಿನೊಂದಿಗೆ ಸೇರಿಹೋಗಿ ಇಂದಿಗೂ ಉಳಿದಿದೆ. ‘ಕ್ರೇಜಿ ಕರ್ನಲ್’ ಎಂದೊಡನೆ ರಮೇಶ್ ಭಟ್ಟರ ಮುಖ ಕಣ್ಣ ಮುಂದೆ ಬರುತ್ತದೆ. ‘ಗುಡ್ಡದ ಭೂತ’, ‘ಮಾಯಾಮೃಗ’ಗಳ ಬಗ್ಗೆ ಹೇಳಲು ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಇದ್ದಾರೆ.

ನನಗೆ ತೊಡಕಾಗಿರುವುದು ಧಾರಾವಾಹಿಗಳಲ್ಲದ ಕಾರ್ಯಕ್ರಮಗಳು. ರಾತ್ರಿ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗುವ ಮೊದಲು ನಮ್ಮ ಪಾಲಿಗೆ ಬರುತ್ತಿದ್ದ ಆ ಸ್ವಲ್ಪ ಹೊತ್ತಿನಲ್ಲಿ ರೈತರಿಗೆಂದು ಒಂದು ಭಾಗ, ಮಕ್ಕಳಿಗೆಂದು ಒಂದು ಭಾಗ, ವಾರಕ್ಕೊಮ್ಮೆ ಸ್ಟುಡಿಯೋದಲ್ಲೇ ಆಡಿದ ನಾಟಕ, ಗಮಕ ವಾಚನ, ಸಮಯ ಉಳಿದರೆ ತುಂಬುವುದಕ್ಕೆಂದು ಹಾಕುತ್ತಿದ್ದ ಚಿಕ್ಕ ಸಾಕ್ಷ್ಯಚಿತ್ರ, ಹೀಗೆ ಎಷ್ಟೋ ಸಂಗತಿಗಳು ಇರುತ್ತಿದ್ದವು. ನನ್ನ ನೆನಪಿನಲ್ಲಿ ಒಂದು ಬೊಂಬೆಯಾಟದ ಕಾರ್ಯಕ್ರಮವಿದೆ. ಬೊಂಬೆಗಳ ಹಿಂದೆ ಕಪ್ಪು ಪರದೆ ಇತ್ತು. ಒಂದು ಮುದುಕನ ಬೊಂಬೆ ಮಕ್ಕಳ ಬೊಂಬೆಗಳಿಗೆ ಲೆಕ್ಕದ ಒಗಟುಗಳನ್ನು ಹೇಳಿ, ಉತ್ತರವನ್ನು ಮುಂದಿನ ವಾರಕ್ಕೆ ಉಳಿಸಿ ಹೊರಟುಹೋಗುತ್ತಿತ್ತು. ಅದರ ಹೆಸರಾಗಲಿ, ಮಾಡಿದವರು ಯಾರೆಂಬುದಾಗಲಿ ಈವರೆಗೆ ಸಿಕ್ಕಿಲ್ಲ. ಅದೇ ವಯಸ್ಸಿನ ಇಬ್ಬರು ಸ್ನೇಹಿತರನ್ನು ಕೇಳಿದಾಗ ಒಬ್ಬರು ಹೌದೆಂದರು, ಇನ್ನೊಬ್ಬರು ಅಂಥದ್ದು ಬಂದೇ ಇಲ್ಲವೆಂದರು.

ನನ್ನ ಪ್ರಶ್ನೆ ಎರಡು ಬಗೆಯದು. ಇಂಥ ಸಣ್ಣ, ವಿಚಿತ್ರ, ಯಾರೂ ಬರೆದಿಡದ ಕಾರ್ಯಕ್ರಮಗಳಲ್ಲಿ ತಮಗೆ ಯಾವುದು ನೆನಪಿದೆ? ನೆನಪಿದ್ದದ್ದು ನಿಜಕ್ಕೂ ಪ್ರಸಾರವಾಯಿತೆಂದು ತೋರಿಸಿಕೊಡುವ ದಾರಿ ಯಾವುದಾದರೂ ಇದೆಯೇ? ದಯವಿಟ್ಟು ವಿವರವಾಗಿ ಬರೆಯಿರಿ. ಹೆಸರು ನೆನಪಿಲ್ಲದಿದ್ದರೂ ಚಿಂತೆಯಿಲ್ಲ.

ಉತ್ತರ — ತುಂಗಾತೀರ

ತಮ್ಮ ಪ್ರಯತ್ನ ಮೆಚ್ಚುವಂಥದ್ದು. ನನಗೆ ತೋರುವಂತೆ, ಯಾವ ಕಾರ್ಯಕ್ರಮ ನೆನಪಿನಲ್ಲಿ ಉಳಿಯಿತು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಅದರ ಶೀರ್ಷಿಕೆ ಗೀತೆ. ಸದಾನಂದ ಸುವರ್ಣರು ನಿರ್ದೇಶಿಸಿ ಪ್ರಕಾಶ್ ರೈ ನಟಿಸಿದ ‘ಗುಡ್ಡದ ಭೂತ’ವನ್ನೇ ನೋಡಿ. ಅದರ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಬಲ್ಲವರು ಕಡಿಮೆ. ಆದರೆ ‘ಡೆನ್ನಾನ ಡೆನ್ನಾನ’ ಎಂಬ ಎರಡು ಶಬ್ದ ಕೇಳಿದರೆ ಆ ಕಾಲದವರು ಇಡೀ ಸಾಲನ್ನು ಹಾಡಿಬಿಡುತ್ತಾರೆ. ಕತ್ತಲಾದ ಮೇಲೆ ಅದನ್ನು ಕೇಳಿ ಹೆದರಿದ್ದನ್ನೂ ಹೇಳುತ್ತಾರೆ. 2015ರಲ್ಲಿ ‘ರಂಗಿತರಂಗ’ ಚಲನಚಿತ್ರದಲ್ಲಿ ಆ ಹಾಡು ಮರಳಿ ಬಂದಾಗ, ಧಾರಾವಾಹಿ ಪ್ರಸಾರವಾದ ಕಾಲಕ್ಕೆ ಹುಟ್ಟಿರದಿದ್ದವರಿಗೂ ಅದು ತಿಳಿಯಿತು. ‘ಮಾಯಾಮೃಗ’ದ ಹಾಡಿಗೂ ಇಂಥದ್ದೇ ಬಲವಿದೆ. ಸಿ. ಅಶ್ವತ್ಥರ ಸಂಗೀತ ಕಿವಿಗೆ ಬಿದ್ದೊಡನೆ ಟಿ.ಎನ್. ಸೀತಾರಾಮ್ ಅವರ ಕಥೆಯ ಪಾತ್ರಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ.

ಹಾಡಿಲ್ಲದ ಕಾರ್ಯಕ್ರಮಗಳಿಗೆ ಈ ಆಸರೆ ಇರಲಿಲ್ಲ. ಉದ್ಘೋಷಕಿ ಬಂದು ಹೆಸರು ಹೇಳುತ್ತಿದ್ದರು, ವೀಣೆಯದೋ ಕೊಳಲಿನದೋ ಒಂದು ತುಣುಕು ಕೇಳುತ್ತಿತ್ತು, ಕಾರ್ಯಕ್ರಮ ಆರಂಭವಾಗುತ್ತಿತ್ತು. ಆ ತುಣುಕನ್ನೇ ಬೇರೆ ಬೇರೆ ಕಾರ್ಯಕ್ರಮಗಳಿಗೂ ಬಳಸುತ್ತಿದ್ದುದರಿಂದ ಒಂದರ ನೆನಪು ಇನ್ನೊಂದರೊಳಗೆ ಸೇರಿಕೊಂಡಿದೆ. ತಮ್ಮ ಸ್ನೇಹಿತರಿಬ್ಬರು ಒಂದೊಂದು ಬಗೆಯಲ್ಲಿ ಹೇಳಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ನನ್ನ ನೆನಪಿನದೊಂದನ್ನು ಸೇರಿಸುತ್ತೇನೆ. ವೀಕ್ಷಕರು ಬರೆದ ಕಾಗದಗಳಿಗೆ ಇಬ್ಬರು ಕುಳಿತು ಉತ್ತರ ಕೊಡುತ್ತಿದ್ದ ಕಾರ್ಯಕ್ರಮವೊಂದಿತ್ತು. ಅದರಲ್ಲಿ ಹೊಗಳಿಕೆಯ ಪತ್ರಗಳಷ್ಟೇ ಅಲ್ಲ, ನಾಟಕದಲ್ಲಿ ಇಂಥ ಪಾತ್ರಧಾರಿಯ ಕನ್ನಡ ಸರಿಯಿಲ್ಲ, ಭಾನುವಾರದ ಚಲನಚಿತ್ರವನ್ನು ನಡುವೆ ಏಕೆ ನಿಲ್ಲಿಸಿದಿರಿ ಎಂದು ನೇರವಾಗಿ ಕೇಳುವ ಪತ್ರಗಳನ್ನೂ ಓದುತ್ತಿದ್ದರು. ಓದುವವರು ಅಂಚೆ ಕಾರ್ಡನ್ನು ಕೈಯಲ್ಲಿ ಹಿಡಿದು, ಬರೆದವರ ಹೆಸರು ಮತ್ತು ಊರನ್ನು ಹೇಳಿ, ಕಾರ್ಡನ್ನು ಮಗುಚಿ ಮೇಜಿನ ಮೇಲೆ ಇಡುತ್ತಿದ್ದ ರೀತಿ ನನಗೆ ಈಗಲೂ ಕಾಣಿಸುತ್ತದೆ. ತಮ್ಮ ಊರಿನ ಹೆಸರು ಬಂದೀತೇ ಎಂದು ಜನ ಕಾದು ಕುಳಿತಿರುತ್ತಿದ್ದರು. ಇಂದು ಬರುವ ಎಷ್ಟೋ ಚರ್ಚಾ ಕಾರ್ಯಕ್ರಮಗಳಿಗಿಂತ ಅದರಲ್ಲಿ ಸಾಮಾನ್ಯ ಜನರ ಮಾತಿಗೆ ಹೆಚ್ಚಿನ ಗೌರವವಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ — ಬಿಸಿಲನಾಡು

ಎಲ್ಲರೂ ಬೆಂಗಳೂರು ಕೇಂದ್ರದಿಂದಲೇ ಆರಂಭಿಸುತ್ತಿದ್ದೀರಿ. ಕನ್ನಡದ ಟಿ.ವಿ. ಕಾರ್ಯಕ್ರಮಗಳ ಕಥೆ ಅದಕ್ಕಿಂತ ಆರು ವರ್ಷ ಮೊದಲೇ, ಅದೂ ರಾಜಧಾನಿಯಲ್ಲಿ ಅಲ್ಲ, ಕಲ್ಬುರ್ಗಿ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಶುರುವಾಯಿತು. ಇದನ್ನು ಬಿಟ್ಟು ಪಟ್ಟಿ ಮಾಡಿದರೆ ನಮ್ಮ ಭಾಗಕ್ಕೆ ಅನ್ಯಾಯವಾಗುತ್ತದೆ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ‘ಸೈಟ್’ ಎಂಬ ಉಪಗ್ರಹ ಬೋಧನಾ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ಸಂಸ್ಥೆ ತನ್ನ ಎ.ಟಿ.ಎಸ್.-6 ಉಪಗ್ರಹವನ್ನು ಒದಗಿಸಿತು. ನೆಲದ ಮೇಲಿನ ವ್ಯವಸ್ಥೆಯನ್ನು ಇಸ್ರೋ ನೋಡಿಕೊಂಡಿತು. ಕಾರ್ಯಕ್ರಮಗಳನ್ನು ಮಾಡುವ ಹೊಣೆ ಮುಖ್ಯವಾಗಿ ಆಕಾಶವಾಣಿಯದಾಗಿತ್ತು, ಏಕೆಂದರೆ ಪ್ರಯೋಗ ಆರಂಭವಾದಾಗ ದೂರದರ್ಶನ ಇನ್ನೂ ಅದರಿಂದ ಬೇರೆಯಾಗಿರಲಿಲ್ಲ. ಆರು ರಾಜ್ಯಗಳಲ್ಲಿ, ರಾಜ್ಯಕ್ಕೆ ಸುಮಾರು 400ರಂತೆ, ಒಟ್ಟು 2400ರಷ್ಟು ಹಳ್ಳಿಗಳಿಗೆ ಸಮುದಾಯ ಟಿ.ವಿ.ಗಳು ಬಂದವು. ನಮ್ಮ ರಾಜ್ಯದ ಪಾಲು ಆ ಮೂರು ಜಿಲ್ಲೆಗಳದಾಗಿತ್ತು. ಇಂದಿನ ಕೊಪ್ಪಳ, ಬಾಗಲಕೋಟೆ, ಯಾದಗಿರಿ ಜಿಲ್ಲೆಗಳು ಆಗ ಅವುಗಳೊಳಗೇ ಇದ್ದವು.

ಸೆಟ್ಟನ್ನು ಶಾಲೆಯಲ್ಲೋ ಪಂಚಾಯತಿ ಕಟ್ಟಡದಲ್ಲೋ ಇಡುತ್ತಿದ್ದರು. ಪಕ್ಕದಲ್ಲಿ ಸುಮಾರು ಹತ್ತು ಅಡಿ ಅಗಲದ, ಕೋಳಿ ಗೂಡಿಗೆ ಬಳಸುವ ತಂತಿ ಜಾಲರಿಯಿಂದ ಮಾಡಿದ ದೊಡ್ಡ ಬುಟ್ಟಿಯಂಥ ಆಂಟೆನಾ ಆಕಾಶಕ್ಕೆ ಮುಖಮಾಡಿ ನಿಂತಿರುತ್ತಿತ್ತು. ಬೆಳಿಗ್ಗೆ ಶಾಲಾಮಕ್ಕಳಿಗೆ ವಿಜ್ಞಾನದ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ಹಾಡು ಕುಣಿತ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ, ತೆಲುಗಿನ ಕಾರ್ಯಕ್ರಮಗಳ ಜೊತೆಯಲ್ಲಿ. ಆ ಉಪಗ್ರಹದ ಪ್ರಸಾರದಲ್ಲಿ ಒಂದು ಚಿತ್ರಕ್ಕೆ ಎರಡು ಧ್ವನಿವಾಹಿನಿಗಳಿದ್ದುದರಿಂದ ಒಂದೇ ದೃಶ್ಯವನ್ನು ಎರಡು ಭಾಷೆಗಳ ಹಳ್ಳಿಗಳು ಒಂದೇ ಗಳಿಗೆಯಲ್ಲಿ ತಮ್ಮ ತಮ್ಮ ಭಾಷೆಯಲ್ಲಿ ಕೇಳಲು ಸಾಧ್ಯವಿತ್ತು. ಪರದೆಯ ಮೇಲಿನವರ ತುಟಿಗೂ ಮಾತಿಗೂ ಹೊಂದಿಕೆಯಾಗುತ್ತಿರಲಿಲ್ಲವೆಂದು ನಮ್ಮ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಅದಕ್ಕೆ ಕಾರಣ ಇದೇ ಇದ್ದಿರಬಹುದೆಂದು ನನ್ನ ಊಹೆ.

ಒಂದು ವರ್ಷದ ಗಡುವು ಮುಗಿದೊಡನೆ ಉಪಗ್ರಹವನ್ನು ಅಮೆರಿಕದತ್ತ ಮರಳಿ ಸರಿಸಲಾಯಿತು, ಪ್ರಸಾರ ನಿಂತಿತು. 1977ರಲ್ಲಿ ಕಲ್ಬುರ್ಗಿಯಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಆರಂಭವಾಗಿ ಒಂದಿಷ್ಟು ಹಳ್ಳಿಗಳಿಗೆ ಟಿ.ವಿ. ಮರಳಿತು. ಉಳಿದ ಹಳ್ಳಿಗಳಲ್ಲಿ ಸೆಟ್ಟುಗಳು ಏನಾದವು ಎಂಬುದೇ ಪ್ರತ್ಯೇಕವಾಗಿ ವಿಚಾರಿಸಬೇಕಾದ ಸಂಗತಿ. ತಮ್ಮ ಪಟ್ಟಿಯಲ್ಲಿ ದಯವಿಟ್ಟು ಈ ವರ್ಷಕ್ಕೊಂದು ಅಧ್ಯಾಯವನ್ನು ಮೀಸಲಿಡಿ. ಅದನ್ನು ನೋಡಿದ ಮಕ್ಕಳಿಗೆ ಈಗ ಅರವತ್ತರ ಆಸುಪಾಸು. ಆಗ ದೊಡ್ಡವರಾಗಿದ್ದವರಲ್ಲಿ ಕೇಳಿ ತಿಳಿಯಲು ಉಳಿದವರು ಕೆಲವರೇ.

ಉತ್ತರ — ಹಳೆಯ ಕ್ಯಾಸೆಟ್

ಟಿ.ವಿ. ಕಾರ್ಯಕ್ರಮಗಳ ಸಂಕಲನದ ಕೆಲಸದಲ್ಲಿ ಬಹುಕಾಲ ಇದ್ದವನಾದ್ದರಿಂದ ಇವು ಏಕೆ ಸಿಗುವುದಿಲ್ಲ ಎಂಬುದನ್ನು ಹೇಳಬಲ್ಲೆ. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಆ ಕಾಲದಲ್ಲಿ ಸ್ಟುಡಿಯೋ ಕಾರ್ಯಕ್ರಮಗಳನ್ನು ಮುಕ್ಕಾಲು ಇಂಚಿನ ಯು-ಮ್ಯಾಟಿಕ್ ಟೇಪಿನ ಮೇಲೆ, ಮುಂದೆ ಬೀಟಾಕ್ಯಾಮ್ ಟೇಪಿನ ಮೇಲೆ ಮುದ್ರಿಸುತ್ತಿದ್ದರು. ಟೇಪು ವಿದೇಶದಿಂದ ಬರುವ ದುಬಾರಿ ವಸ್ತು. ಬೇಡಿಕೆ ಇಟ್ಟಷ್ಟು ಸಿಗುತ್ತಿರಲಿಲ್ಲ. ಪ್ರಸಾರವಾದ ಮೇಲೆ ಆ ಟೇಪಿನ ಮೇಲೆಯೇ ಮುಂದಿನ ಕಾರ್ಯಕ್ರಮವನ್ನು ಮುದ್ರಿಸುವುದು ದಿನನಿತ್ಯದ ರೂಢಿಯಾಗಿತ್ತು. ಹೆಸರಾಂತ ಗಾಯಕರ ಕಛೇರಿಯನ್ನೋ ದೊಡ್ಡ ಸಾಹಿತಿಯ ಸಂದರ್ಶನವನ್ನೋ ಉಳಿಸಿಕೊಳ್ಳಲು ಯಾರಾದರೂ ಮುತುವರ್ಜಿ ವಹಿಸುತ್ತಿದ್ದರು. ಭತ್ತಕ್ಕೆ ಬರುವ ರೋಗದ ಬಗೆಗಿನ ಮಾತುಕತೆಗೆ, ಮಕ್ಕಳ ಬೊಂಬೆಯಾಟಕ್ಕೆ ಆ ಭಾಗ್ಯ ಇರಲಿಲ್ಲ. ನೇರವಾಗಿ ಪ್ರಸಾರವಾದವುಗಳಂತೂ ಟೇಪಿಗೆ ಏರಲೇ ಇಲ್ಲ. ಪ್ರಪಂಚದ ದೊಡ್ಡ ದೊಡ್ಡ ಪ್ರಸಾರ ಸಂಸ್ಥೆಗಳಲ್ಲೂ ಹೀಗೆಯೇ ಆಗಿದೆ, ಬಿ.ಬಿ.ಸಿ. ಕೂಡ ತನ್ನ ಅರವತ್ತರ ದಶಕದ ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿಹಾಕಿ, ಈಗ ಅವುಗಳ ಪ್ರತಿಗಳನ್ನು ಜಗತ್ತಿನಲ್ಲೆಲ್ಲ ಹುಡುಕುತ್ತಿದೆ.

ಧಾರಾವಾಹಿಗಳದು ಬೇರೆಯೇ ದಾರಿ. ಪ್ರಾಯೋಜಿತ ಧಾರಾವಾಹಿಯಲ್ಲಿ ನಿರ್ಮಾಪಕರು ಪ್ರಸಾರ ಶುಲ್ಕ ಕಟ್ಟಿ, ಜಾಹೀರಾತಿನಿಂದ ಹಣ ಹೊಂದಿಸಿಕೊಳ್ಳುತ್ತಿದ್ದರು. ಅದರ ಹಕ್ಕು ಅವರದೇ, ಮೂಲ ಟೇಪೂ ಅವರ ಬಳಿಯೇ. ದೂರದರ್ಶನವೇ ಹಣ ಕೊಟ್ಟು ಮಾಡಿಸಿದ್ದರೆ ಹಕ್ಕು ಅದರದು. ಆದ್ದರಿಂದ ಹದಿಮೂರು ಕಂತಿನ ಧಾರಾವಾಹಿಯೊಂದನ್ನು ಕೇಂದ್ರದ ಸಂಗ್ರಹದಲ್ಲಿ ಹುಡುಕಿ ಸಿಗಲಿಲ್ಲವೆಂದು ಅದು ನಾಶವಾಯಿತೆಂದು ತೀರ್ಮಾನಿಸಬೇಡಿ. ಯಾವುದೋ ಮನೆಯ ಅಟ್ಟದಲ್ಲಿ ಇರಬಹುದು. ಆದರೆ ಇದ್ದರೂ ಅದನ್ನು ಓಡಿಸುವ ಯಂತ್ರ ಸಿಗುವುದು ಟೇಪು ಸಿಗುವುದಕ್ಕಿಂತ ಕಷ್ಟವಾಗಿದೆ. ಬಿಡಿಭಾಗಗಳ ತಯಾರಿಕೆ ನಿಂತಿದೆ, ರಿಪೇರಿ ಬಲ್ಲವರು ನಿವೃತ್ತರಾಗಿದ್ದಾರೆ.

ಮನೆಗಳಲ್ಲಿ ವಿ.ಸಿ.ಆರ್.ನಲ್ಲಿ ಮುದ್ರಿಸಿಕೊಂಡ ವಿ.ಎಚ್.ಎಸ್. ಕ್ಯಾಸೆಟ್ಟುಗಳೇ ಈಗ ನಮಗಿರುವ ದೊಡ್ಡ ಭರವಸೆ. ಯಾರ ಬಳಿಯಾದರೂ ಇದ್ದರೆ ಒಂದು ಮಾತು ಕೇಳಿ. ಕ್ಯಾಸೆಟ್ಟಿನ ಮುಂಭಾಗದ ಮುಚ್ಚಳವನ್ನು ಎತ್ತಿ, ಕಿಟಕಿಯೊಳಗಿಂದ ಸುರುಳಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿಯ ಪುಡಿಯೋ ನೂಲಿನಂಥ ಎಳೆಯೋ ಕಂಡರೆ ಅದು ಬೂಷ್ಟು. ಅಂಥದ್ದನ್ನು ಯಂತ್ರಕ್ಕೆ ಹಾಕಿದರೆ ಟೇಪು ಹರಿಯುತ್ತದೆ, ಹೆಡ್ಡು ಕೊಳೆಯಾಗುತ್ತದೆ, ನಂತರ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅದು ಅಂಟುತ್ತದೆ. ಬೂಷ್ಟಿಲ್ಲದಿದ್ದರೆ ನೋಡುವ ಮೊದಲು ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಲುಗಾಡದೆ ಕೂತ ಸುರುಳಿ ಸಡಿಲವಾಗಿರುತ್ತದೆ. ಹಿಂಬದಿಯ ಪ್ಲಾಸ್ಟಿಕ್ ಚೂರು ಮುರಿಯದೆ ಇದ್ದರೆ ಮುರಿದುಬಿಡಿ, ಅಕಸ್ಮಾತ್ತಾಗಿ ಅದರ ಮೇಲೆ ಬೇರೇನೂ ಮುದ್ರಣವಾಗದು. ಕಂಪ್ಯೂಟರಿಗೆ ಇಳಿಸುವಾಗ ಜಾಹೀರಾತು, ಉದ್ಘೋಷಕಿಯ ಮಾತು, ‘ಅಡಚಣೆಗಾಗಿ ಕ್ಷಮಿಸಿ’ ಎಂಬ ಫಲಕ, ಇವು ಯಾವುದನ್ನೂ ಕತ್ತರಿಸಬೇಡಿ. ಕಾರ್ಯಕ್ರಮ ಯಾವ ವರ್ಷದ್ದೆಂದು ಹೇಳುವುದು ಬಹಳ ಸಲ ಕಾರ್ಯಕ್ರಮವಲ್ಲ, ಅದರ ನಡುವೆ ಬಂದ ಸಾಬೂನಿನ ಜಾಹೀರಾತು.

ಸಂಜೆಪ್ರಸಾರ (ಪ್ರಶ್ನೆ ಕೇಳಿದವರು)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ‘ಸೈಟ್’ ಕಾಲದ ಕನ್ನಡ ಕಾರ್ಯಕ್ರಮಗಳನ್ನು ಪಟ್ಟಿಯ ಮೊದಲ ಭಾಗವಾಗಿಯೇ ಇಡುತ್ತೇನೆ. ಹಳೆಯ ಕ್ಯಾಸೆಟ್ ಅವರೇ, ಚಿತ್ರವಿಲ್ಲದೆ ಬರಿಯ ಧ್ವನಿ ಉಳಿದಿರುವ ಮುದ್ರಣಗಳೂ ಉಪಯೋಗಕ್ಕೆ ಬರುತ್ತವೆಯೇ? ವಿ.ಸಿ.ಆರ್. ಇಲ್ಲದ ಮನೆಗಳಲ್ಲಿ ‘ಚಿತ್ರಮಂಜರಿ’ಯ ಹಾಡುಗಳಿಗಾಗಿ ಟೇಪ್ ರೆಕಾರ್ಡರನ್ನು ಟಿ.ವಿ.ಯ ಮುಂದಿಟ್ಟು, ಎಲ್ಲರನ್ನೂ ಸುಮ್ಮನಿರಿಸಿ, ಮುದ್ರಿಸಿಕೊಳ್ಳುತ್ತಿದ್ದರು. ನಮ್ಮ ಬಂಧುಗಳ ಮನೆಯಲ್ಲಿ ಅಂಥ ಕೆಲವು ಕ್ಯಾಸೆಟ್ಟುಗಳಿವೆ. ಇನ್ನೊಂದು ಸಂಗತಿ: ನಾನು ಬೊಂಬೆಯಾಟವನ್ನು ನೋಡಿದ್ದು ಬೆಂಗಳೂರಿನಲ್ಲಿ ಅಲ್ಲ, ಮಲೆನಾಡಿನ ಒಂದು ಸಣ್ಣ ಪಟ್ಟಣದಲ್ಲಿ, 1985ರ ಹೊತ್ತಿಗೆ.

ಉತ್ತರ — ಹಳೆಯ ಕ್ಯಾಸೆಟ್

ಖಂಡಿತ ಬರುತ್ತವೆ. ಹಾಡು ಮುಗಿದ ಮೇಲೆ ಗುಂಡಿ ಒತ್ತುವುದು ತಡವಾಗಿ ಉದ್ಘೋಷಕಿಯ ಒಂದೆರಡು ವಾಕ್ಯ ಸೇರಿಕೊಂಡಿರುತ್ತವೆ. ಮುಂದಿನ ಕಾರ್ಯಕ್ರಮದ ಹೆಸರು ಅಲ್ಲಿಯೇ ಸಿಗುತ್ತದೆ. ಹಾಡಿಗಿಂತ ಆ ಬಾಲವನ್ನು ಎಚ್ಚರದಿಂದ ಕೇಳಿ.

ಉತ್ತರ — ಪತ್ರಿಕಾ ಕಡತ

ತಾವು ಊರು ಮತ್ತು ವರ್ಷವನ್ನು ಹೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಅದರಿಂದ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಆದರೆ ಬೆಂಗಳೂರಿನ ಕನ್ನಡ ಕಾರ್ಯಕ್ರಮಗಳು ಅಂದಿನಿಂದಲೇ ಕನ್ನಡ ನಾಡಿಗೆಲ್ಲ ಕಾಣಿಸಲಿಲ್ಲ. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿದ ಬಳಿಕ, ವಿಶೇಷವಾಗಿ 1984ರಲ್ಲಿ, ದೇಶದಾದ್ಯಂತ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳನ್ನು ಭರದಿಂದ ಸ್ಥಾಪಿಸಿದರು. ಅವುಗಳಲ್ಲಿ ಹೆಚ್ಚಿನವು ಉಪಗ್ರಹದಿಂದ ಬಂದ ದೆಹಲಿಯ ಕಾರ್ಯಕ್ರಮವನ್ನೇ ತೋರಿಸುತ್ತಿದ್ದವು, ಏಕೆಂದರೆ ಬೆಂಗಳೂರಿನ ಕಾರ್ಯಕ್ರಮವನ್ನು ಅಲ್ಲಿಗೆ ತಲುಪಿಸುವ ಸಂಪರ್ಕ ಇನ್ನೂ ಆಗಿರಲಿಲ್ಲ. ಎಷ್ಟೋ ಊರುಗಳಲ್ಲಿ ಟಿ.ವಿ. ಬಂದು ವರ್ಷಗಳ ನಂತರವೇ ಸಂಜೆಯ ಕನ್ನಡ ಕಾರ್ಯಕ್ರಮ ಬಂತು. ಹಾಗಾಗಿ 1985ರಲ್ಲಿ ಮಲೆನಾಡಿನ ಪಟ್ಟಣದಲ್ಲಿ ನೋಡಿದ್ದು ದೆಹಲಿಯಿಂದ ಬಂದ ಹಿಂದಿ ಬೊಂಬೆಯಾಟವಾಗಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು. ಮಕ್ಕಳಾಗಿ ನೋಡಿದ ಪರಭಾಷೆಯ ಕಾರ್ಯಕ್ರಮ ನೆನಪಿನಲ್ಲಿ ನಮ್ಮದೇ ಭಾಷೆಯಲ್ಲಿ ಮಾತನಾಡುವುದು ಅಪರೂಪವೇನಲ್ಲ. ಅಥವಾ ರಜೆಯಲ್ಲಿ ಬೆಂಗಳೂರಿನ ಬಂಧುಗಳ ಮನೆಯಲ್ಲಿ ನೋಡಿದ್ದೂ ಆಗಿರಬಹುದು. ತಮ್ಮ ಸ್ನೇಹಿತರಲ್ಲಿ ಹೌದೆಂದವರು ಯಾವ ಊರಿನವರು, ಇಲ್ಲವೆಂದವರು ಯಾವ ಊರಿನವರು ಎಂದು ಕೇಳಿದರೆ ಅಲ್ಲಿಯೇ ಅರ್ಧ ಉತ್ತರ ಸಿಗಬಹುದು.

ಪ್ರಸಾರವಾಯಿತೆಂದು ತೋರಿಸುವ ದಾರಿಯನ್ನು ತಾವು ಕೇಳಿದ್ದೀರಿ. ನನ್ನ ಅನುಭವದಲ್ಲಿ ದಿನಪತ್ರಿಕೆಗಳ ‘ಇಂದಿನ ಕಾರ್ಯಕ್ರಮ’ ಅಂಕಣಕ್ಕಿಂತ ಉತ್ತಮವಾದ ಆಧಾರ ಬೇರೊಂದಿಲ್ಲ. ಪ್ರಜಾವಾಣಿ, ಕನ್ನಡಪ್ರಭ, ಸಂಯುಕ್ತ ಕರ್ನಾಟಕ, ಉದಯವಾಣಿಗಳ ಹಳೆಯ ಸಂಚಿಕೆಗಳು ದೊಡ್ಡ ಗ್ರಂಥಾಲಯಗಳಲ್ಲಿವೆ. ಬೆಂಗಳೂರಿನಲ್ಲಿರುವವರು ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಿಂದ ಆರಂಭಿಸಬಹುದು. ಪತ್ರಿಕೆಗಳು ಉಳಿದಿರುವುದಕ್ಕೆ ಒಂದು ಕಾರಣ ಕಾನೂನು. 1954ರ ಗ್ರಂಥ ಸಲ್ಲಿಕೆ ಕಾಯ್ದೆಯ ವ್ಯಾಪ್ತಿಗೆ 1956ರಲ್ಲಿ ಪತ್ರಿಕೆಗಳನ್ನೂ ಸೇರಿಸಿದ್ದರಿಂದ ಪ್ರಕಾಶಕರು ನಿಗದಿತ ಗ್ರಂಥಾಲಯಗಳಿಗೆ ಪ್ರತಿ ಕಳುಹಿಸಲೇಬೇಕಾಗಿತ್ತು. ಟಿ.ವಿ. ಕಾರ್ಯಕ್ರಮಗಳಿಗೆ ಇಂಥ ಕಟ್ಟುಪಾಡು ಇರಲಿಲ್ಲ. ಸಣ್ಣ ಗ್ರಾಮದಲ್ಲಿ ಅಚ್ಚಾದ ಭಜನೆಯ ಪುಸ್ತಕಕ್ಕೂ ಉಳಿಯುವ ಅವಕಾಶವಿತ್ತು, ಲಕ್ಷಾಂತರ ಜನ ನೋಡಿದ ನಾಟಕಕ್ಕೆ ಇರಲಿಲ್ಲ. ಇದು ನನ್ನನ್ನು ಬಹಳ ಕಾಡಿದ ವಿಷಯ.

ಅಂಕಣವನ್ನು ಓದುವಾಗ ಕೆಲವು ಎಚ್ಚರಿಕೆಗಳು ಬೇಕು. ಅಲ್ಲಿ ಅಚ್ಚಾದದ್ದು ಹಿಂದಿನ ದಿನದ ಯೋಜನೆ ಮಾತ್ರ. ಕ್ರಿಕೆಟ್ ಪಂದ್ಯ ಮುಂದುವರಿದರೆ, ರಾಷ್ಟ್ರೀಯ ಶೋಕ ಘೋಷಣೆಯಾದರೆ, ಮೊದಲು ಕೈಬಿಡುತ್ತಿದ್ದದ್ದು ಪ್ರಾದೇಶಿಕ ಕಾರ್ಯಕ್ರಮವನ್ನೇ. ಇಂದಿರಾ ಗಾಂಧಿಯವರ ಹತ್ಯೆಯಾದ 1984ರ ಅಕ್ಟೋಬರ್ 31ರ ನಂತರದ ದಿನಗಳ ಪತ್ರಿಕೆಗಳನ್ನು ಈ ದೃಷ್ಟಿಯಿಂದ ನೋಡಬೇಕು. ಎಷ್ಟೋ ದಿನ ಹೆಸರಿನ ಬದಲು ‘ಮಕ್ಕಳ ಕಾರ್ಯಕ್ರಮ’, ‘ನಾಟಕ’ ಎಂದಷ್ಟೇ ಹಾಕುತ್ತಿದ್ದರು. ಅಂಥ ಕಡೆ ಸುಧಾ, ತರಂಗಗಳಂಥ ವಾರಪತ್ರಿಕೆಗಳ ಟಿ.ವಿ. ವಿಮರ್ಶೆಯ ಪುಟಗಳು ಮತ್ತು ಓದುಗರ ಓಲೆಗಳು ನೆರವಿಗೆ ಬರುತ್ತವೆ. ಒಳ್ಳೆಯ ಕಾರ್ಯಕ್ರಮದ ಬಗ್ಗೆ ಯಾರೂ ಬರೆಯದಿದ್ದರೂ ಬೇಸರ ತಂದ ಕಾರ್ಯಕ್ರಮದ ಬಗ್ಗೆ ಯಾರಾದರೂ ಬರೆದೇ ಇರುತ್ತಾರೆ.

ಅಧಿಕೃತ ದಾಖಲೆಗಳ ಕಡೆಗೂ ಒಂದು ಬಾಗಿಲಿದೆ. ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ‘ಬೊಂಬೆಯಾಟದ ಕಾರ್ಯಕ್ರಮ ಇತ್ತೇ’ ಎಂದು ಕೇಳಿದರೆ ಉತ್ತರ ಸಿಗದು. ಇಂಥ ತಿಂಗಳಿನ ಫಿಕ್ಸೆಡ್ ಪಾಯಿಂಟ್ ಚಾರ್ಟ್ (ಯಾವ ಹೊತ್ತಿಗೆ ಯಾವ ಕಾರ್ಯಕ್ರಮವೆಂಬ ನಿಗದಿತ ಪಟ್ಟಿ), ಇಂಥ ದಿನಗಳ ಕ್ಯೂ ಶೀಟ್ (ಆ ದಿನದ ಪ್ರಸಾರದ ಅನುಕ್ರಮದ ಹಾಳೆ) ಉಳಿದಿದ್ದರೆ ಅದರ ಪ್ರತಿ ಬೇಕೆಂದು ಕೇಳಬೇಕು. ದಾಖಲೆಗಳ ಅವಧಿ ಮುಗಿದು ವಿಲೇವಾರಿಯಾಗಿದ್ದರೆ, ಹಾಗೆಂದು ಲಿಖಿತವಾಗಿ ಬರುವ ಉತ್ತರವೂ ಪ್ರಯೋಜನಕ್ಕೆ ಬರುತ್ತದೆ. ಮತ್ತೊಬ್ಬರು ಅದೇ ದಾರಿಯಲ್ಲಿ ಕಾಲ ಕಳೆಯುವುದು ತಪ್ಪುತ್ತದೆ.

ಉತ್ತರ — ತುಂಗಾತೀರ

ಇದಕ್ಕೆ ಸೇರಿಸಬೇಕಾದ ಒಂದು ಮಾತಿದೆ. ದೂರದರ್ಶನದ ಬಗ್ಗೆ ಮಾತನಾಡುವವರು ಈಗಲೂ ಇದ್ದಾರೆ. ಖಾಸಗಿ ವಾಹಿನಿಗಳ ಆರಂಭದ ವರ್ಷಗಳು ಅದಕ್ಕಿಂತ ಬೇಗ ಮರೆಯಾಗುತ್ತಿವೆ. ಉದಯ ಟಿ.ವಿ. 1994ರಲ್ಲಿ, ಈ-ಟಿವಿ ಕನ್ನಡ 2000ದ ಡಿಸೆಂಬರಿನಲ್ಲಿ ಆರಂಭವಾದವು. ಎರಡನೆಯದು 2015ರಲ್ಲಿ ಹೆಸರನ್ನೇ ಬದಲಿಸಿಕೊಂಡಿತು. ‘ಗೃಹಭಂಗ’, ‘ಮೂಡಲ ಮನೆ’ಗಳನ್ನು ಜನ ನೆನೆಯುತ್ತಾರೆ, ಸರಿ. ಆ ವಾಹಿನಿಗಳಲ್ಲಿ ಮಧ್ಯಾಹ್ನದ ಹೊತ್ತು ಬರುತ್ತಿದ್ದ ಚಿಕ್ಕ ಕಾರ್ಯಕ್ರಮಗಳನ್ನು, ಜಿಲ್ಲೆಗಳಲ್ಲಿ ಕೇಬಲ್ ನಡೆಸುವವರೇ ತಮ್ಮ ಊರಿಗಷ್ಟೇ ತೋರಿಸುತ್ತಿದ್ದ ಸ್ಥಳೀಯ ಸುದ್ದಿಯನ್ನು, ಜಾತ್ರೆ ಮತ್ತು ಶಾಲಾ ವಾರ್ಷಿಕೋತ್ಸವಗಳ ಮುದ್ರಣವನ್ನು ಯಾರು ಇಟ್ಟುಕೊಂಡಿದ್ದಾರೆ? ಕೇಬಲ್‌ನವರ ಕಾರ್ಯಕ್ರಮ ದಿನಪತ್ರಿಕೆಯ ಅಂಕಣದಲ್ಲೂ ಬರುತ್ತಿರಲಿಲ್ಲ. ಹಾಗಾಗಿ ಪತ್ರಿಕಾ ಕಡತ ಅವರು ಹೇಳಿದ ದಾರಿ ಅಲ್ಲಿಗೆ ತಲುಪುವುದಿಲ್ಲ. ಆ ಕೇಬಲ್ ಕಚೇರಿಗಳಲ್ಲಿ ಕೆಲಸ ಮಾಡಿದವರನ್ನೇ ಹುಡುಕಿ ಕೇಳಬೇಕು. ನಮ್ಮ ತಾಲ್ಲೂಕಿನಲ್ಲಿ ಅಂಥವರಲ್ಲಿ ಒಬ್ಬರು ಈಗ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಅವರನ್ನು ಕಂಡು ಮಾತನಾಡಿ, ಕ್ಯಾಸೆಟ್ಟುಗಳು ಇನ್ನೂ ಇದ್ದರೆ ಅವುಗಳ ಮೇಲಿನ ಚೀಟಿಗಳಲ್ಲಿ ಬರೆದಿರುವುದನ್ನೆಲ್ಲ ಇಲ್ಲಿಯೇ ನಮೂದಿಸುತ್ತೇನೆ.

ಸಂಜೆಪ್ರಸಾರ (ಪ್ರಶ್ನೆ ಕೇಳಿದವರು)

ಹೌದೆಂದ ಸ್ನೇಹಿತರಿಗೆ ಈಗಷ್ಟೇ ಫೋನ್ ಮಾಡಿದೆ. ಅವರು ಬೆಳೆದದ್ದು ಬೆಂಗಳೂರಿನ ಮಲ್ಲೇಶ್ವರದಲ್ಲಿ, ಇಲ್ಲವೆಂದವರು ಸಾಗರದವರು. ನಾನೂ ಬೇಸಿಗೆ ರಜೆಗೆ ಬೆಂಗಳೂರಿಗೆ ಹೋಗುತ್ತಿದ್ದೆ. ಹಾಗಾದರೆ 1984ರಿಂದ 1986ರವರೆಗಿನ ಏಪ್ರಿಲ್ ಮತ್ತು ಮೇ ತಿಂಗಳ ಪತ್ರಿಕೆಗಳಿಂದ ಹುಡುಕಾಟ ಆರಂಭಿಸುತ್ತೇನೆ. ಅಂಕಣದಲ್ಲಿ ಸಿಕ್ಕಿದ್ದನ್ನು ದಿನಾಂಕ, ಪತ್ರಿಕೆ, ಪುಟದ ಸಹಿತ ಒಂದು ಕಡೆ, ನಿಮ್ಮೆಲ್ಲರ ನೆನಪುಗಳನ್ನು ನೋಡಿದ ಊರು ಮತ್ತು ಅಂದಾಜು ವರ್ಷದ ಸಹಿತ ಇನ್ನೊಂದು ಕಡೆ ಬರೆಯುತ್ತೇನೆ, ಎರಡನ್ನೂ ಬೆರೆಸುವುದಿಲ್ಲ. ಬಿಸಿಲನಾಡು ಅವರೇ, ತಮ್ಮ ಹಿರಿಯರು ಒಪ್ಪಿದರೆ ಅವರ ಮಾತನ್ನು ಧ್ವನಿಯಲ್ಲಿ ಮುದ್ರಿಸಿ ಕಳುಹಿಸಿಕೊಡಲು ಸಾಧ್ಯವೇ?

ಉತ್ತರ — ಬಿಸಿಲನಾಡು

ಒಪ್ಪಿದ್ದಾರೆ. ಈ ಭಾನುವಾರವೇ ಕೂರಿಸಿಕೊಂಡು ಮುದ್ರಿಸುತ್ತೇನೆ. ಸೆಟ್ಟಿನ ಕೋಣೆಯ ಬೀಗದ ಕೈ ನಮ್ಮ ಊರಿನಲ್ಲಿ ಯಾರ ಬಳಿ ಇರುತ್ತಿತ್ತೆಂಬುದರಿಂದಲೇ ಮಾತು ಆರಂಭಿಸುವಂತೆ ಕೇಳುತ್ತೇನೆ, ಏಕೆಂದರೆ ಸಂಜೆ ಯಾರು ನೋಡಿದರು, ಯಾರು ಹೊರಗೆ ನಿಂತರು ಎಂಬುದೂ ಆ ಕಾರ್ಯಕ್ರಮಗಳ ಚರಿತ್ರೆಯ ಭಾಗವೇ.